ನ್ಯೂರೋಸೈನ್ಸ್ ಪದವಿ: ಚಿನ್ನ ಮಾರುವ ಮುನ್ನ ಒಂದು ಲೆಕ್ಕ

ನೀಟ್ ಫಲಿತಾಂಶ ಬಂದ ಮೇಲೆ ನಮ್ಮ ಜಮಾಅತ್‌ಗಳಲ್ಲಿ ಪ್ರತಿವರ್ಷ ಒಂದೇ ಮಾತು. ಎಂಬಿಬಿಎಸ್ ಸೀಟು ಸಿಗಲಿಲ್ಲ, ಇನ್ನೇನು? ಈ ಸಲ ಇಶಾ ನಮಾಝ್ ಮುಗಿಸಿ ಹೊರಡುವಾಗ, ಗಲ್ಫ್‌ನಿಂದ ರಜೆಯಲ್ಲಿ ಬಂದಿದ್ದ ಒಬ್ಬರು ಬಣ್ಣದ ಕರಪತ್ರವೊಂದನ್ನು ನಮ್ಮ ಕೈಗೆ ಕೊಟ್ಟರು. "ಉಸ್ತಾದರೇ, ಮಗಳಿಗೆ ನ್ಯೂರೋಸೈನ್ಸ್ ಆಗಬೇಕಂತೆ. ಇಂಗ್ಲೆಂಡಿನಲ್ಲಿ ಮೂರು ವರ್ಷ. ಅವಳ ಉಮ್ಮನ ಚಿನ್ನ ಉಂಟು, ಉಳಿದದ್ದು ಬ್ಯಾಂಕ್ ಸಾಲ. ಸೇರಿಸಬಹುದಾ?"

ನಾವು ಕಿತಾಬ್ ಓದಿದವರು, ಆಮೇಲೆ ಪಿಯುಸಿ. ಮೆದುಳಿನ ವಿಜ್ಞಾನ ನಮಗೆಲ್ಲಿ ಗೊತ್ತು! ಆದರೆ ನಮ್ಮ ಮದ್ರಸದಲ್ಲಿ ಕಲಿತು ಹೋದ ಮಕ್ಕಳಲ್ಲಿ ಕೆಲವರು ಆಸ್ಪತ್ರೆಯಲ್ಲಿದ್ದಾರೆ, ಕೆಲವರು ಸಂಶೋಧನೆಯಲ್ಲಿದ್ದಾರೆ. ಅವರನ್ನು ಕೇಳಿದೆವು.

ಮೊದಲು ತಿಳಿದದ್ದು, ನ್ಯೂರೋ ಎಂಬ ಒಂದೇ ಹೆಸರಿನಡಿ ಮೂರು ಬೇರೆ ಬೇರೆ ದಾರಿಗಳಿವೆ ಎಂಬುದು. ನ್ಯೂರಾಲಜಿಸ್ಟ್ ಆಗಲು ಎಂಬಿಬಿಎಸ್, ಎಂಡಿ, ಡಿಎಂ ಬೇಕು. ನ್ಯೂರೋಸೈನ್ಸ್ ಬಿಎಸ್ಸಿಯಿಂದ ಅಲ್ಲಿಗೆ ಬಾಗಿಲಿಲ್ಲ. ಎರಡನೆಯದು, ನಮ್ಮ ರಾಜ್ಯದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿವಿಯಡಿ ಇರುವ ನ್ಯೂರೋಸೈನ್ಸ್ ಟೆಕ್ನಾಲಜಿ. ಇದು ಆಸ್ಪತ್ರೆಯ ಕೆಲಸ. ರೋಗಿಯ ತಲೆಗೆ ಅಳತೆ ಹಿಡಿದು ಇಪ್ಪತ್ತರಷ್ಟು ಎಲೆಕ್ಟ್ರೋಡ್ ಅಂಟಿಸಿ ಇಇಜಿ ತೆಗೆಯುವುದು, ನರಗಳ ಪರೀಕ್ಷೆ ಮಾಡುವುದು. ಮೂರನೆಯದೇ ಆ ಕರಪತ್ರದಲ್ಲಿದ್ದದ್ದು: ಪ್ರಯೋಗಾಲಯದ, ಸಂಶೋಧನೆಯ ಪದವಿ. ಆ ಹುಡುಗಿಯ ಬಾಪ ಮೊದಲನೆಯದೆಂದು ತಿಳಿದು ಮೂರನೆಯದಕ್ಕೆ ಹಣ ಹೊಂದಿಸುತ್ತಿದ್ದರು. ತಪ್ಪು ಅವರದ್ದಲ್ಲ. ಕರಪತ್ರದ ಮೇಲೆ ಬಿಳಿ ಕೋಟು, ಸ್ಟೆತಸ್ಕೋಪ್ ಹಾಕಿದ ಚಿತ್ರವಿತ್ತು!

ಈಗ ಹಣದ ಲೆಕ್ಕ. ಇಂಗ್ಲೆಂಡಿನಲ್ಲಿ ಪ್ರಯೋಗಾಲಯವಿರುವ ವಿಜ್ಞಾನ ಪದವಿಗೆ ವಿದೇಶಿ ವಿದ್ಯಾರ್ಥಿಗಳ ಶುಲ್ಕ ಹಲವು ಕಡೆ ವರ್ಷಕ್ಕೆ 25 ಸಾವಿರ ಪೌಂಡ್ ದಾಟುತ್ತದೆ. ಪೌಂಡಿಗೆ ನೂರೇ ರೂಪಾಯಿ ಎಂದು ಕಡಿಮೆ ಹಿಡಿದರೂ ಮೂರು ವರ್ಷಕ್ಕೆ 75 ಲಕ್ಷ. ಊಟ, ಬಾಡಿಗೆ, ವಿಮಾನದ ಟಿಕೆಟ್ ಬೇರೆ. ವೀಸಾದ ಜೊತೆ ಆರೋಗ್ಯ ಶುಲ್ಕವೆಂದು ವರ್ಷಕ್ಕೆ 776 ಪೌಂಡ್ ಕೂಡ ಕಟ್ಟಬೇಕು.

ಇದರಲ್ಲಿ 40 ಲಕ್ಷ ಸಾಲವೆಂದು ಇಟ್ಟುಕೊಳ್ಳಿ. ಅಷ್ಟಕ್ಕೆ ಬ್ಯಾಂಕಿನವರು ಸಾಮಾನ್ಯವಾಗಿ ಮನೆಯದ್ದೋ ಜಾಗದ್ದೋ ದಾಖಲೆ ಅಡವು ಕೇಳುತ್ತಾರೆ. ಓದುವಾಗ ಮತ್ತು ನಂತರ ಒಂದು ವರ್ಷ ಕಂತು ಕಟ್ಟಬೇಕಿಲ್ಲ, ನಿಜ. ಆದರೆ ಬಡ್ಡಿ ನಿಲ್ಲುವುದಿಲ್ಲ. ಶೇ. 10ರ ಸರಳ ಬಡ್ಡಿಯಾದರೂ ನಾಲ್ಕು ವರ್ಷಕ್ಕೆ 16 ಲಕ್ಷ. ಬಡ್ಡಿಯ ಹುಕುಂ ಏನೆಂದು ನಮ್ಮ ಓದುಗರಿಗೆ ಇಲ್ಲಿ ಹೇಳಬೇಕಾಗಿಲ್ಲ. ಅದನ್ನು ಬದಿಗಿಟ್ಟು ಬರೀ ವ್ಯಾಪಾರಿಯ ಕಣ್ಣಿನಿಂದ ನೋಡಿದರೂ ಇದು ಸಣ್ಣ ಮಾತಲ್ಲ.

ಯಾಕೆಂದರೆ ಈ ದಾರಿಯಲ್ಲಿ ಬಿಎಸ್ಸಿ ಎಂಬುದು ಬರೀ ಮೆಟ್ಟಿಲು. ನರ್ಸಿಂಗ್ ಮಾಡಿದವರು ಪದವಿ ಮುಗಿಸಿ ಕೆಲಸಕ್ಕೆ ಸೇರುತ್ತಾರೆ. ಇಲ್ಲಿ ಎಂಎಸ್ಸಿ ಎರಡು ವರ್ಷ, ಪಿಎಚ್‌ಡಿ ಸುಮಾರು ಐದು ವರ್ಷ. ಅಂದರೆ ಮಗಳು ಎಂಎಸ್ಸಿ ಓದುತ್ತಿರುವಾಗಲೇ ಬಾಪನಿಗೆ ಕಂತು ಶುರುವಾಗಬಹುದು.

ಹಾಗಂತ ಈ ಓದೇ ಬೇಡ ಎಂದು ನಾವು ಹೇಳುವುದಿಲ್ಲ. ಪಾರ್ಕಿನ್ಸನ್, ಮರೆವಿನ ಕಾಯಿಲೆ, ಅಪಸ್ಮಾರ ನಮ್ಮ ಮನೆಗಳಲ್ಲೂ ಇವೆ, ಅದರ ಕುರಿತು ಹುಡುಕುವವರು ಬೇಕು. ನಮ್ಮ ತಕರಾರು ಇಷ್ಟೇ: ಎಲ್ಲ ಹಣವನ್ನು ಮೊದಲ ಮೆಟ್ಟಿಲಿಗೇ ಸುರಿಯುವುದು ಯಾಕೆ? ನ್ಯೂರೋಸೈನ್ಸ್‌ಗೆ ಜೀವಶಾಸ್ತ್ರ, ಮನಶ್ಶಾಸ್ತ್ರ, ಭೌತಶಾಸ್ತ್ರ, ಇಂಜಿನಿಯರಿಂಗ್ ಕಲಿತವರೂ ಆಮೇಲೆ ಬರುತ್ತಾರೆ. ಊರ ಹತ್ತಿರದ ಸರಕಾರಿ ಕಾಲೇಜಿನ ಬಿಎಸ್ಸಿಯ ಖರ್ಚು ಆ ಕರಪತ್ರದ ಮುಂದೆ ಏನೂ ಅಲ್ಲ. ಮುಂದೆ ಬೆಂಗಳೂರಿನಲ್ಲೇ ನಿಮ್ಹಾನ್ಸ್ ಉಂಟು, ಐಐಎಸ್‌ಸಿಯಲ್ಲಿ ನ್ಯೂರೋಸೈನ್ಸ್ ಕೇಂದ್ರ ಉಂಟು. ಹರಿಯಾಣದ ಮಾನೇಸರ್‌ನಲ್ಲಿ ರಾಷ್ಟ್ರೀಯ ಮೆದುಳು ಸಂಶೋಧನಾ ಕೇಂದ್ರ ಉಂಟು. ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ಸಿಕ್ಕಿದರೆ 2023ರಿಂದ ತಿಂಗಳಿಗೆ 37 ಸಾವಿರ ರೂಪಾಯಿ, ಎರಡು ವರ್ಷದ ಬಳಿಕ 42 ಸಾವಿರ. ಪರೀಕ್ಷೆ ಸುಲಭದ್ದಲ್ಲ. ಆದರೆ ಪಾಸಾದರೆ ಓದಲು ನಾವು ಹಣ ಕೊಡುವ ಬದಲು ಅವರೇ ಕೊಡುತ್ತಾರೆ. ಅಮೆರಿಕದಲ್ಲೂ ಈ ವಿಷಯದ ಪಿಎಚ್‌ಡಿಗೆ ಸಾಮಾನ್ಯವಾಗಿ ಶುಲ್ಕವೂ ಇಲ್ಲ, ಸ್ಟೈಪೆಂಡೂ ಸಿಗುತ್ತದೆ. ವಿದೇಶಕ್ಕೆ ಹೋಗುವ ಆಸೆಯಿದ್ದರೆ ಆಗ ಹೋಗಲಿ.

ಇನ್ನೊಂದು ಮಾತನ್ನು ಸಂಶೋಧನೆಯಲ್ಲಿರುವ ನಮ್ಮ ಹಳೆ ವಿದ್ಯಾರ್ಥಿಯೇ ಹೇಳಿದ್ದು. ಮೆದುಳಿನ ಪಾಠದ ಜೊತೆ ಸಂಖ್ಯಾಶಾಸ್ತ್ರ, ಕಂಪ್ಯೂಟರ್ ಪ್ರೋಗ್ರಾಮಿಂಗ್ ಕಲಿತವರಿಗೆ ಸಂಶೋಧನೆ ಬಿಟ್ಟರೂ ಬೇರೆ ಕೆಲಸ ಸಿಗುತ್ತದೆ; ಬರೀ ಪಾಠ ಓದಿದವರಿಗೆ ಕಷ್ಟ.

ಇದನ್ನೆಲ್ಲ ಆ ಬಾಪನಿಗೆ ಹೇಳಿ, "ಮಗಳಿಗೆ ರೋಗಿಯ ಹತ್ತಿರ ನಿಲ್ಲಬೇಕಾ, ಲ್ಯಾಬಿನಲ್ಲಿ ಕೂರಬೇಕಾ, ಅದನ್ನು ಮೊದಲು ಕೇಳಿ" ಎಂದೆವು. ಮರುದಿನ ಅವರು ಮಗಳನ್ನೂ ಕರೆದುಕೊಂಡು ಬಂದರು. ಅವಳಿಗೆ ಬೇಕಾದದ್ದು ಲ್ಯಾಬೇ. ಆ ವಿಷಯದಲ್ಲಿ ಅವಳಿಗೆ ಗೊಂದಲವೇ ಇರಲಿಲ್ಲ, ಗೊಂದಲ ಇದ್ದದ್ದು ನಮ್ಮಂಥ ದೊಡ್ಡವರಿಗೆ. ಈಗ ಸರಕಾರಿ ಕಾಲೇಜಿನ ಬಿಎಸ್ಸಿಗೂ ಅರ್ಜಿ ಹಾಕಿದ್ದಾಳೆ. ಏಜೆಂಟನಿಗೆ ಮುಂಗಡ ಇನ್ನೂ ಕೊಟ್ಟಿಲ್ಲ.