ಕೃತಕ ಮಂಡಿ: ಬೆಲೆ ನೋಡಿ ಆರಿಸಬೇಡಿ

ಮಂಡಿ ಸವೆದು ನಡೆಯುವುದೇ ಕಷ್ಟವಾದಾಗ ಮೂಳೆ ತಜ್ಞರು ಕೀಲು ಬದಲಾವಣೆಗೆ ಸಲಹೆ ಮಾಡುತ್ತಾರೆ. ಆಗ ಮನೆಯವರು ನಮ್ಮಂಥ ಸಾಮಾನ್ಯ ವೈದ್ಯರ ಬಳಿ ಬಂದು, ‘ಡಾಕ್ಟ್ರೇ, ಸಾಲವಾದರೂ ಸರಿ, ಅಮ್ಮನಿಗೆ ಫಾರಿನ್ನಿನದೇ ಹಾಕಿಸೋಣವೇ?’ ಎಂದು ಕೇಳುವುದುಂಟು. ಈ ಕಾಳಜಿ ಮೆಚ್ಚತಕ್ಕದ್ದೇ. ಆದರೆ ಬೆಲೆ ಹೆಚ್ಚಿದಷ್ಟೂ ಕೀಲು ಉತ್ತಮ ಎಂಬುದು ತಪ್ಪು ಕಲ್ಪನೆ.

ಸಾಮಾನ್ಯವಾಗಿ ಬಳಸುವ ಕೃತಕ ಮಂಡಿಯಲ್ಲಿ ತೊಡೆಮೂಳೆಯ ತುದಿಗೆ ಕೋಬಾಲ್ಟ್-ಕ್ರೋಮಿಯಂ ಲೋಹದ ಹೊದಿಕೆ, ಕೆಳಗೆ ಲೋಹದ ತಟ್ಟೆ, ನಡುವೆ ಗಟ್ಟಿ ಪ್ಲಾಸ್ಟಿಕ್ ಇರುತ್ತದೆ. ವಿದೇಶಗಳ ದಾಖಲೆಗಳನ್ನು ಆಧರಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಪೂರ್ಣ ಮಂಡಿ ಬದಲಾವಣೆಗಳಲ್ಲಿ ಸುಮಾರು ಶೇಕಡ 82ರಷ್ಟು 25 ವರ್ಷ ಬಾಳಿವೆ. ಇಪ್ಪತ್ತೈದು ವರ್ಷ ಬಾಳಿದ್ದು ಎಂದರೆ ಹಳೆಯ ಮಾದರಿಯೇ ಅಲ್ಲವೇ?

ಹೊಸ ಮಾದರಿಗೆ ಇಂಥ ಸಾಕ್ಷ್ಯ ಇರುವುದಿಲ್ಲ. ಸೊಂಟದ ಕೀಲಿನ ಉದಾಹರಣೆ ನೋಡಿ. ಡಿಪ್ಯೂ ಕಂಪನಿಯ ಎಎಸ್‌ಆರ್ ಎಂಬ ಲೋಹದ ಕೀಲು ಸವೆದು, ಲೋಹದ ಕಣಗಳು ಸುತ್ತಲ ಮಾಂಸಕ್ಕೂ ರಕ್ತಕ್ಕೂ ಸೇರಿದವು. 2010ರಲ್ಲಿ ಕಂಪನಿ ಅದನ್ನು ಜಗತ್ತಿನಾದ್ಯಂತ ಹಿಂದಕ್ಕೆ ಪಡೆಯಿತು. ಅದನ್ನು ಹಾಕಿಸಿಕೊಂಡವರು ನಮ್ಮ ದೇಶದಲ್ಲೂ ಇದ್ದರು.

‘ಗೋಲ್ಡ್’ ಮಂಡಿಯ ಹೆಸರಿಗೂ ಮರುಳಾಗಬೇಡಿ. ಆ ಹೊಳಪು ಚಿನ್ನದ್ದಲ್ಲ. ಟೈಟಾನಿಯಂ ಅಥವಾ ಜಿರ್ಕೋನಿಯಂ ನೈಟ್ರೈಡ್‌ನ ಲೇಪನ. ‘ಹೈ-ಫ್ಲೆಕ್ಸ್’ ಹಾಕಿಸಿದರೆ ಚಕ್ಕಳಮಕ್ಕಳ ಹಾಕಿ ಕೂರಬಹುದೆಂಬ ಖಾತ್ರಿಯೂ ಇಲ್ಲ. ಶಸ್ತ್ರಚಿಕಿತ್ಸೆಗೆ ಮುಂಚೆ ಮಂಡಿ ಎಷ್ಟು ಮಡಚುತ್ತಿತ್ತು ಎಂಬುದರ ಮೇಲೆ ಮುಂದಿನದು ಬಹುಪಾಲು ನಿಂತಿದೆ.

ಹಾಗಾದರೆ ಏನು ಕೇಳಬೇಕು? ಈ ಮಾದರಿ ಎಷ್ಟು ವರ್ಷದಿಂದ ಬಳಕೆಯಲ್ಲಿದೆ? ಸರ್ಜನ್ನರಿಗೆ ಅದು ಚೆನ್ನಾಗಿ ಕೈಗೂಡಿದೆಯೇ? ಕೀಲಿನ ಬೆಲೆ ಎಷ್ಟು? 2017ರ ಆಗಸ್ಟ್‌ನಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರವು ಮಂಡಿ ಕೀಲುಗಳಿಗೆ ಗರಿಷ್ಠ ಬೆಲೆ ಗೊತ್ತುಮಾಡಿತು. ಸಾಮಾನ್ಯ ಕೋಬಾಲ್ಟ್-ಕ್ರೋಮಿಯಂ ಕೀಲಿಗೆ ಆಗ ತೆರಿಗೆ ಬಿಟ್ಟು 54,720 ರೂಪಾಯಿ. ಬಿಲ್ಲಿನಲ್ಲಿ ಕೀಲಿನ ಬೆಲೆ, ಕಂಪನಿ, ಬ್ಯಾಚ್ ನಂಬರು ಪ್ರತ್ಯೇಕವಾಗಿ ಇರಬೇಕೆಂದೂ ಹೇಳಿತು. ಇದನ್ನು ಕೇಳಲು ಸಂಕೋಚಪಡಬೇಡಿ. ಕೀಲಿನ ಪೊಟ್ಟಣದ ಸ್ಟಿಕ್ಕರನ್ನು ಫೈಲಿಗೆ ಅಂಟಿಸಿಸಿಕೊಳ್ಳಿ. ನಾಳೆ ಯಾವುದಾದರೂ ಮಾದರಿಯಲ್ಲಿ ದೋಷ ಕಂಡುಬಂದರೆ, ನಿಮ್ಮದೂ ಅದೇ ಹೌದೋ ಅಲ್ಲವೋ ಎಂದು ಅದರಿಂದಲೇ ತಿಳಿಯುತ್ತದೆ.

ಸರಿಯಾದ ಜೋಡಣೆ, ಸೋಂಕು ತಗಲದ ಎಚ್ಚರ, ಹತೋಟಿಯಲ್ಲಿರುವ ಸಕ್ಕರೆ ಕಾಯಿಲೆ, ತಪ್ಪದ ವ್ಯಾಯಾಮ - ಫಲಿತಾಂಶಕ್ಕೆ ಇವೇ ಮುಖ್ಯ. ದುಬಾರಿ ಕೀಲಿಗೆ ಕೈಲಿದ್ದದ್ದೆಲ್ಲ ಸುರಿದು, ಆಮೇಲೆ ಫಿಸಿಯೋಥೆರಪಿಗೆ ದುಡ್ಡಿಲ್ಲವೆನ್ನುವ ಸ್ಥಿತಿ ತಂದುಕೊಳ್ಳಬೇಡಿ.