ಕ್ಲಚ್ ಬ್ರೇಕ್ ಅಲ್ಲ ಗುರು!

1/8

ಎಲ್ ಬೋರ್ಡ್ ಹಾಕ್ಕೊಂಡು ರಸ್ತೆಗೆ ಇಳಿದಿರೋ ನನ್ನ ಕ್ಲಾಸ್‌ಮೇಟ್‌ಗಳಿಗೆ, ಈ ರಜೆಯಲ್ಲಿ ಡ್ರೈವಿಂಗ್ ಕ್ಲಾಸ್ ಸೇರಬೇಕು ಅಂತಿರೋ ಎಲ್ಲರಿಗೂ ಒಂದು ಪ್ರಶ್ನೆ. ಕಾರು ಓಡಿಸೋದು ಕಲಿತ್ರಿ, ಸರಿ. ನಿಲ್ಲಿಸೋದನ್ನ ಯಾರು ಕಲಿಸಿದ್ರು?

"ಬ್ರೇಕ್ ಒತ್ತಿದ್ರೆ ನಿಲ್ಲುತ್ತೆ, ಅದ್ರಲ್ಲಿ ಕಲಿಯೋದೇನಿದೆ?" ಅಂತೀರಾ? ನಿಲ್ಲುತ್ತೆ. ನಿಂತ ಮೇಲೆ? ಸಿಗ್ನಲ್‌ನಲ್ಲಿ 90 ಸೆಕೆಂಡ್ ರೆಡ್ ಬಿತ್ತು ಅಂದ್ಕೊಳ್ಳಿ. ಆ 90 ಸೆಕೆಂಡ್ ನಿಮ್ಮ ಎಡಗಾಲು ಎಲ್ಲಿತ್ತು? ಬಲಗಾಲು ಎಲ್ಲಿತ್ತು? ಗೇರ್ ಯಾವುದ್ರಲ್ಲಿತ್ತು? ಮುಂದಿನ ಗಾಡಿಗೂ ನಿಮಗೂ ಮಧ್ಯೆ ಎಷ್ಟು ಜಾಗ ಇತ್ತು?

ಮುಕ್ಕಾಲು ಪಾಲು ಜನಕ್ಕೆ ಉತ್ತರ ಗೊತ್ತಿರಲ್ಲ. ಯಾಕಂದ್ರೆ ನಮ್ಮ ಲೆಕ್ಕದಲ್ಲಿ ಗಾಡಿ ನಿಂತ ತಕ್ಷಣ ಡ್ರೈವಿಂಗ್ ಮುಗೀತು. ಕೈ ಮೊಬೈಲ್ ಕಡೆ ಹೋಗುತ್ತೆ, ಕಾಲು ಸಡಿಲ ಆಗುತ್ತೆ.

ನನ್ನ ವಾದ ಇಷ್ಟೇ. ನಿಂತಿರೋ ಗಾಡಿಯೂ ಡ್ರೈವಿಂಗೇ. ಅದನ್ನ ಹಿಡಿದು ನಿಲ್ಲಿಸ್ಬೇಕಾಗಿರೋದು ಬ್ರೇಕು. ಕ್ಲಚ್ ಅಲ್ಲ, ಅದೃಷ್ಟವೂ ಅಲ್ಲ. ಒಪ್ಪದೇ ಇದ್ರೆ ಎಂಟೂ ಪೋಸ್ಟ್ ಓದಿ, ಆಮೇಲೆ ಕಾಮೆಂಟಲ್ಲಿ ಜಗಳ ಆಡೋಣ.

2/8

ಮೊದಲು ಬೈಬೇಕಾಗಿರೋದು ಡ್ರೈವಿಂಗ್ ಸ್ಕೂಲ್‌ನವರನ್ನ. ನಾನು ಸೇರಿದ್ದ ಕಡೆ ಮೊದಲ ದಿನದಿಂದ ಕೊನೇ ದಿನದವರೆಗೂ ಸಿಗ್ನಲ್ ಬಂದ್ರೆ ಒಂದೇ ಮಂತ್ರ: "ಫಸ್ಟ್ ಗೇರಲ್ಲೇ ಇರ್ಲಿ, ಹಾಫ್ ಕ್ಲಚ್ ಹಿಡ್ಕೋ, ಗ್ರೀನ್ ಬಿದ್ದ ತಕ್ಷಣ ಬಿಡು." ಹ್ಯಾಂಡ್ ಬ್ರೇಕ್ ಬಗ್ಗೆ ಕೇಳಿದ್ರೆ "ಅದು ಪಾರ್ಕಿಂಗ್‌ಗೆ" ಅಂತ ಒಂದೇ ಮಾತಲ್ಲಿ ಮುಗಿಸಿಬಿಟ್ರು. ಬೇರೆ ಬೇರೆ ಸ್ಕೂಲಿಗೆ ಹೋದ ಫ್ರೆಂಡ್ಸ್‌ನ ಕೇಳಿದೆ. ಅಲ್ಲೂ ಇದೇ ಪಾಠ.

ಇನ್ನೊಂದು ವಿಷಯ ಇದೆ. ಡ್ರೈವಿಂಗ್ ಸ್ಕೂಲ್ ಕಾರಲ್ಲಿ ಡ್ಯುಯಲ್ ಕಂಟ್ರೋಲ್ ಇರ್ಬೇಕು ಅಂತ ನಿಯಮಾನೇ ಇದೆ. ಪಕ್ಕದಲ್ಲಿ ಕೂತ ಸರ್ ಕಾಲ ಕೆಳಗೂ ಪೆಡಲ್ ಇರುತ್ತೆ. ಅದು ಇರೋದು ಅಪಾಯ ಬಂದಾಗ ಕಾಪಾಡೋಕೆ. ಆದ್ರೆ ನಡೆಯೋದೇನು? ಸಿಗ್ನಲ್ ಹತ್ರ ಬಂದ್ರೆ ಸಾಕು, ಸರ್ ಕಾಲೇ ಬ್ರೇಕ್ ಒತ್ತಿರುತ್ತೆ. ನೀವು "ವಾವ್, ಎಷ್ಟು ನೀಟಾಗಿ ನಿಲ್ಲಿಸ್ದೆ" ಅಂದ್ಕೊಂಡಿರ್ತೀರಿ. ನಿಲ್ಲಿಸಿದ್ದು ನೀವಲ್ಲ ಸ್ವಾಮಿ! ಡಿಎಲ್ ಕೈಗೆ ಬಂದು, ಅಪ್ಪನ ಕಾರು ತಗೊಂಡು ಹೊರಗೆ ಬಂದ ದಿನ ಪಕ್ಕದ ಸೀಟ್ ಕೆಳಗೆ ಪೆಡಲ್ ಇರಲ್ಲ. ಅವತ್ತೇ ನಿಮ್ಮ ಬಲಗಾಲಿಗೆ ನಿಜವಾದ ಮೊದಲ ಕ್ಲಾಸ್. ಅದೂ ಪೀಕ್ ಅವರ್ ಟ್ರಾಫಿಕ್‌ನಲ್ಲಿ.

3/8

ಈಗ ಕ್ಲಚ್ ವಿಷಯ. ಹಾಫ್ ಕ್ಲಚ್ ಅಂದ್ರೆ ಏನು? ಎಂಜಿನ್ ತಿರುಗ್ತಾ ಇದೆ, ಚಕ್ರ ನಿಂತಿದೆ, ಮಧ್ಯದಲ್ಲಿ ಕ್ಲಚ್ ಪ್ಲೇಟ್ ಉಜ್ಜಿಕೊಂಡು ಬಿಸಿ ಆಗ್ತಿದೆ. ಏರಲ್ಲಿ ಜಾಮ್ ಆದಾಗ ಒಂಥರಾ ಸುಟ್ಟ ವಾಸನೆ ಬರುತ್ತಲ್ಲ, ಅದು ಇದೇ. ಪೂರ್ತಿ ಒತ್ತಿ ಹಿಡಿದ್ರೆ ಪ್ಲೇಟ್ ಉಜ್ಜಲ್ಲ, ನಿಜ. ಆದ್ರೆ ಒತ್ತಿ ಹಿಡಿದಷ್ಟು ಹೊತ್ತೂ ಕ್ಲಚ್ ರಿಲೀಸ್ ಬೇರಿಂಗ್ ಮೇಲೆ ಭಾರ ಬೀಳ್ತಾನೇ ಇರುತ್ತೆ.

ಬಿಕಾಂ ಓದ್ತಿದ್ದೀವಿ, ಲೆಕ್ಕ ಹಾಕೋಣ. ಕಾಲೇಜಿಗೆ ಹೋಗೋ ದಾರೀಲಿ 12 ಸಿಗ್ನಲ್, ಒಂದೊಂದ್ರಲ್ಲಿ 1 ನಿಮಿಷ ಅಂತಿಟ್ಕೊಳ್ಳಿ. ಹೋಗ್ತಾ ಬರ್ತಾ 24 ನಿಮಿಷ. ತಿಂಗಳಿಗೆ 25 ದಿನ ಅಂದ್ರೆ 600 ನಿಮಿಷ. ಹತ್ತು ಗಂಟೆ! ತಿಂಗಳಿಗೆ ಹತ್ತು ಗಂಟೆ ಕಾಲು ನೋಯಿಸ್ಕೊಂಡು ಕ್ಲಚ್ ಸವೆಸೋದನ್ನ ಡ್ರೈವಿಂಗ್ ಅಂತ ಕರೀತಿದ್ದೀವಿ. ಇದು ಡಿಪ್ರಿಸಿಯೇಶನ್ ಅಲ್ಲ, ನಾವೇ ಕೈಯಾರೆ ಮಾಡ್ಕೊಳ್ಳೋ ನಷ್ಟ.

ದುಡ್ಡಿನ ಮಾತು ಬಿಡಿ, ಕ್ಲಚ್ ಪ್ಲೇಟ್ ಹೊಸದು ಹಾಕಿಸ್ಬಹುದು. ಅದಕ್ಕಿಂತ ದೊಡ್ಡದು ಬೇರೆ ಇದೆ. ಫಸ್ಟ್ ಗೇರಲ್ಲಿ ಕ್ಲಚ್ ಒತ್ಕೊಂಡು, ಬ್ರೇಕಿಂದ ಕಾಲು ತೆಗೆದು ನಿಂತಿದ್ದೀರಿ. ಎಡಗಾಲಿಗೆ ಜೋಮು ಹಿಡೀತು, ಇಲ್ಲ ಚಪ್ಪಲಿ ಜಾರ್ತು. ಗಾಡಿ ಒಂದೆರಡು ಅಡಿ ಮುಂದಕ್ಕೆ ಹಾರುತ್ತೆ. ಆ ಒಂದೆರಡು ಅಡಿಯಲ್ಲಿ ಯಾರಿರ್ತಾರೆ ಅಂತ ಯೋಚಿಸಿ. ಟೌನ್ ಹಾಲ್ ಮುಂದೆ, ಮೆಜೆಸ್ಟಿಕ್ ಸುತ್ತಮುತ್ತ ಒಂದ್ಸಲ ನಿಂತು ನೋಡಿ. ರೆಡ್ ಬಿದ್ದ ತಕ್ಷಣ ಜನ ಗಾಡಿಗಳ ಸಂದಿಯಲ್ಲೇ ದಾಟ್ತಾರೆ. ಮಗುವಿನ ಕೈ ಹಿಡಿದಿರೋರು, ಹೂ ಮಾರೋರು, ಕೋಲು ಊರಿಕೊಂಡು ಬರೋ ಅಜ್ಜ. ನಿಮ್ಮ ಬಂಪರ್ ಮುಂದೆ ಇರೋದು ಬರೀ ಖಾಲಿ ಜಾಗ ಅಲ್ಲ. ಅದು ಯಾರದೋ ಮೊಣಕಾಲು.

4/8

ಸರಿ, ಹಾಗಾದ್ರೆ ಹೇಗೆ ನಿಲ್ಲೋದು? ಸ್ಕ್ರೀನ್‌ಶಾಟ್ ತೆಗೆದಿಟ್ಕೊಳ್ಳಿ.

ಒಂದು: ದೂರದಲ್ಲೇ ರೆಡ್ ಕಂಡ್ರೆ ಮೊದಲು ಕನ್ನಡಿ ನೋಡಿ, ಆಮೇಲೆ ಆಕ್ಸಿಲರೇಟರ್‌ನಿಂದ ಕಾಲು ತೆಗೀರಿ. ಗಾಡಿ ಗೇರಲ್ಲೇ ಇರ್ಲಿ. ಎಂಜಿನ್ನೇ ಸ್ವಲ್ಪ ವೇಗ ಇಳಿಸಿಕೊಡುತ್ತೆ.

ಎರಡು: ಬ್ರೇಕನ್ನ ಮೊದಲು ಮೆತ್ತಗೆ, ಆಮೇಲೆ ಗಟ್ಟಿಯಾಗಿ, ಕೊನೇಲಿ ಮತ್ತೆ ಸ್ವಲ್ಪ ಸಡಿಲವಾಗಿ ಒತ್ತಿ. ಕೊನೇ ಗಳಿಗೇಲಿ ಗಕ್ಕಂತ ಒತ್ತಿದ್ರೆ ಹಿಂದಿನ ಬೈಕಿನವನಿಗೆ ಯೋಚನೆ ಮಾಡೋಕೂ ಟೈಮ್ ಸಿಗಲ್ಲ.

ಮೂರು: ಕ್ಲಚ್ ಕೊನೆಗೆ. ಎಂಜಿನ್ ನಡುಗೋಕೆ ಶುರು ಆಗೋ ಸ್ವಲ್ಪ ಮೊದಲು ಒತ್ತಿದ್ರೆ ಸಾಕು. ಐವತ್ತು ಮೀಟರ್ ಮುಂಚೆನೇ ಕ್ಲಚ್ ಒತ್ತಿ ಜಾರಿಸ್ಕೊಂಡು ಬರೋದು ನಮ್ಮೂರಿನ ರಾಷ್ಟ್ರೀಯ ಅಭ್ಯಾಸ. ಹಾಗೆ ಮಾಡಿದ್ರೆ ಎಂಜಿನ್ ಸಹಾಯ ತಪ್ಪಿಹೋಗಿ, ಭಾರ ಎಲ್ಲಾ ಬ್ರೇಕ್ ಮೇಲೇ ಬೀಳುತ್ತೆ.

ನಾಲ್ಕು: ಸ್ಟಾಪ್ ಲೈನ್ ಹಿಂದೆ ನಿಲ್ಲಿ. ಜೀಬ್ರಾ ಪಟ್ಟಿ ಬಳಿದಿರೋದು ನಡೆಯೋರಿಗೆ, ನಿಮ್ಮ ಬಾನೆಟ್ ಇಡೋಕಲ್ಲ.

ಐದು: ಗಾಡಿ ಪೂರ್ತಿ ನಿಂತ ಮೇಲೂ ಬಲಗಾಲು ಬ್ರೇಕ್ ಮೇಲೇ ಇರ್ಲಿ. ಹಿಂದಿನ ಗಾಡಿ ಬಂದು ನಿಲ್ಲೋದನ್ನ ಕನ್ನಡೀಲಿ ನೋಡಿ. ನಿಮ್ಮ ಬ್ರೇಕ್ ಲೈಟ್ ಉರಿಯೋದು ಕಾಲಿನ ಬ್ರೇಕಿಗೆ, ಹ್ಯಾಂಡ್ ಬ್ರೇಕಿಗಲ್ಲ. ಹಿಂದಿನವರಿಗೆ ನೀವು ನಿಂತಿದ್ದೀರಿ ಅಂತ ಹೇಳೋದು ಆ ಕೆಂಪು ದೀಪ ಮಾತ್ರ.

ಆರು: ಹಿಂದಿನವರು ನಿಂತ್ರು, ರೆಡ್ ಇನ್ನೂ ಜಾಸ್ತಿ ಹೊತ್ತಿದೆ. ಈಗ ಹ್ಯಾಂಡ್ ಬ್ರೇಕ್ ಎಳೀರಿ, ನ್ಯೂಟ್ರಲ್ ಹಾಕಿ, ಕ್ಲಚ್ ಬಿಡಿ. ರಾತ್ರಿ ಆದ್ರೆ ಬ್ರೇಕಿಂದನೂ ಕಾಲು ತೆಗೀಬಹುದು, ಹಿಂದಿನವರ ಕಣ್ಣಿಗೆ ದೀಪ ಚುಚ್ಚೋದು ತಪ್ಪುತ್ತೆ. ಎಂಜಿನ್ ಆಫ್ ಮಾಡೋರು ಹ್ಯಾಂಡ್ ಬ್ರೇಕ್ ಹಾಕಿದ ಮೇಲೇ ಮಾಡಿ. ಎಂಜಿನ್ ಆಫ್ ಆದ್ಮೇಲೆ ಬ್ರೇಕ್ ಪೆಡಲ್ ಒಂದೆರಡು ಸಲ ಒತ್ತೋಷ್ಟರಲ್ಲಿ ಕಲ್ಲಿನ ಥರ ಗಟ್ಟಿ ಆಗುತ್ತೆ.

ಮೂರ್ನಾಲ್ಕು ಸೆಕೆಂಡಿಗೊಮ್ಮೆ ಚೂರುಚೂರೇ ಮುಂದೆ ಹೋಗೋ ಜಾಮ್‌ನಲ್ಲೂ ಹ್ಯಾಂಡ್ ಬ್ರೇಕ್ ಎಳೀರಿ ಅಂತ ನಾನು ಹೇಳ್ತಿಲ್ಲ. ಅಲ್ಲಿ ಕಾಲಿನ ಬ್ರೇಕ್ ಸಾಕು. ಆದ್ರೆ ಅರ್ಧ ಅಡಿ ಸಿಕ್ತು ಅಂತ ಪ್ರತಿ ಸಲ ತೆವಳಬೇಡಿ. ಒಂದು ಕಾರಿನಷ್ಟು ಜಾಗ ಆದ್ಮೇಲೆ ಒಂದೇ ಸಲ ಹೋಗಿ ನಿಲ್ಲಿ.

5/8

ಈಗ ಎಲ್ಲರೂ ಜಗಳ ಆಡೋ ವಿಷಯ: ಗ್ಯಾಪ್.

ನಿಯಮ ಸುಲಭ. ಮುಂದಿನ ಗಾಡಿಯ ಹಿಂದಿನ ಟೈರ್ ರಸ್ತೆಗೆ ತಾಗೋ ಜಾಗ ನಿಮ್ಮ ಬಾನೆಟ್ ಮೇಲಿಂದ ಕಾಣ್ತಿರ್ಬೇಕು. ಕಾಣ್ತಿಲ್ಲ ಅಂದ್ರೆ ತೀರಾ ಹತ್ರ ಹೋಗಿದ್ದೀರಿ. ಲಾರಿ, ಬಸ್ ಹಿಂದೆ ಇನ್ನೂ ಜಾಸ್ತಿ ಬಿಡಿ. ಬೆನ್ನಿಗೇ ಅಂಟಿಕೊಂಡು ನಿಂತ ಚಿಕ್ಕ ಗಾಡಿ ಆ ಡ್ರೈವರ್‌ಗೆ ಕಾಣೋದೇ ಇಲ್ಲ. ಅದು ಒಂದಡಿ ಹಿಂದಕ್ಕೆ ಜಾರಿದ್ರೂ ನಿಮ್ಮ ಬಾನೆಟ್ ಅಪ್ಪಚ್ಚಿ.

"ಗ್ಯಾಪ್ ಬಿಟ್ರೆ ಆಟೋ ನುಗ್ಗುತ್ತೆ!" ನುಗ್ಗಲಿ ಬಿಡಿ. ಲೆಕ್ಕ ಹಾಕಿ. ನೀವು ಬಿಟ್ಟಿದ್ದು 2 ಮೀಟರ್. ಸಿಗ್ನಲ್ ಬಿಟ್ಟ ಮೇಲೆ ಗಂಟೆಗೆ 20 ಕಿಲೋಮೀಟರ್ ಸ್ಪೀಡಲ್ಲಿ ಹೋಗ್ತೀರಿ ಅಂದ್ರೂ ಸೆಕೆಂಡಿಗೆ ಸುಮಾರು 5.5 ಮೀಟರ್. ಆ 2 ಮೀಟರ್ ದಾಟೋಕೆ ಬೇಕಾಗೋದು 0.36 ಸೆಕೆಂಡ್. ಕಣ್ಣು ಮಿಟುಕಿಸೋಷ್ಟು ಹೊತ್ತು. ಇದನ್ನ ಉಳಿಸೋಕೆ ನಾವು ಬಂಪರಿಗೆ ಬಂಪರ್ ಅಂಟಿಸಿ, ಹಲ್ಲು ಕಚ್ಕೊಂಡು ಕೂತಿರ್ತೀವಿ.

ಗ್ಯಾಪ್ ಬಿಟ್ಟೋರಿಗೆ ಸಿಗೋದು ಏನು ನೋಡಿ. ಮುಂದಿನ ಗಾಡಿ ಕೆಟ್ಟು ನಿಂತ್ರೆ ಸ್ಟೇರಿಂಗ್ ತಿರುಗಿಸಿ ಪಕ್ಕಕ್ಕೆ ಹೋಗ್ಬಹುದು. ಹಿಂದಿಂದ ಆಂಬುಲೆನ್ಸ್ ಬಂದ್ರೆ ಸರಿದು ದಾರಿ ಕೊಡ್ಬಹುದು. ಎಲ್ರೂ ಅಂಟಿಕೊಂಡು ನಿಂತಿದ್ರೆ ದಾರಿ ಬಿಡೋ ಮನಸ್ಸಿದ್ರೂ ಅಲ್ಲಾಡೋಕೆ ಆಗಲ್ಲ. ಹಿಂದಿನವನು ಬಂದು ಗುದ್ದಿದ್ರೂ, ನಿಮ್ಮ ಬ್ರೇಕ್ ಹಿಡಿದಿದ್ದು ಗ್ಯಾಪೂ ಇದ್ರೆ ನೀವು ಮುಂದಿನವರಿಗೆ ಗುದ್ದೋ ಸಾಧ್ಯತೆ ಕಡಿಮೆ. ನ್ಯೂಟ್ರಲ್‌ನಲ್ಲಿ, ಬ್ರೇಕ್ ಇಲ್ದೆ, ಮೊಬೈಲ್ ನೋಡ್ತಾ ಕೂತಿದ್ರೆ? ಕೇರಂ ಬೋರ್ಡ್ ಕಾಯಿ ಥರ ಮುಂದಕ್ಕೆ ಹೋಗ್ತೀರಿ.

6/8

ಏರು. ನಮ್ಮೆಲ್ಲರ ಭಯ.

ಬೆಂಗಳೂರಲ್ಲಿ ಫ್ಲೈಓವರ್ ಹತ್ತೋವಾಗ ಜಾಮ್ ಆದ್ರೆ ಬೆವರು ಬರುತ್ತೆ. ಮಂಗಳೂರಿನ ಲೈಟ್‌ಹೌಸ್ ಹಿಲ್ ರಸ್ತೆಯಲ್ಲೋ, ಮಡಿಕೇರಿ ಪೇಟೆಯಲ್ಲೋ ಕಲಿಯೋ ಫ್ರೆಂಡ್ಸ್‌ಗೆ ಇದು ದಿನದ ಕಥೆ. ಹಿಂದೆ ಬೈಕು ಅಂಟಿಕೊಂಡು ನಿಂತಿದೆ, ಬ್ರೇಕ್ ಬಿಟ್ರೆ ಗಾಡಿ ಹಿಂದಕ್ಕೆ. ಆಗ ಎಲ್ರೂ ಮೊರೆ ಹೋಗೋದು ಅದೇ ಹಾಫ್ ಕ್ಲಚ್‌ಗೆ.

ಇದಕ್ಕೆ ಕಾನೂನೇ ಉತ್ತರ ಹೇಳಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 15ನೇ ನಿಯಮದಲ್ಲಿ ಡಿಎಲ್ ಟೆಸ್ಟ್‌ನಲ್ಲಿ ಏನೇನು ಮಾಡಿ ತೋರಿಸ್ಬೇಕು ಅಂತ ಪಟ್ಟಿ ಇದೆ. ಕಡಿದಾದ ಏರಲ್ಲಿ ಗಾಡಿ ನಿಲ್ಲಿಸಿ, ಹ್ಯಾಂಡ್ ಬ್ರೇಕನ್ನೋ ಆಕ್ಸಿಲರೇಟರ್ ಮತ್ತು ಕಾಲಿನ ಬ್ರೇಕನ್ನೋ ಸರಿಯಾಗಿ ಬಳಸಿ, ಹಿಂದಕ್ಕೆ ಜಾರದಂತೆ ಮತ್ತೆ ಹೊರಡ್ಬೇಕು ಅನ್ನೋದು ಆ ಪಟ್ಟಿಯಲ್ಲೇ ಇದೆ. ಕಾನೂನು ಹ್ಯಾಂಡ್ ಬ್ರೇಕ್ ಹೆಸರು ಹೇಳ್ತಿದೆ, ನಮ್ಮ ಸರ್ "ಅದು ಪಾರ್ಕಿಂಗ್‌ಗೆ" ಅಂತಿದ್ದಾರೆ. ಯಾರ ಮಾತು ಕೇಳೋದು ನೀವೇ ಹೇಳಿ.

ಮಾಡೋದು ಹೀಗೆ. ಹ್ಯಾಂಡ್ ಬ್ರೇಕ್ ಎಳೆದಿರ್ಲಿ. ಫಸ್ಟ್ ಗೇರ್. ಸ್ವಲ್ಪ ಆಕ್ಸಿಲರೇಟರ್. ಕ್ಲಚ್ ನಿಧಾನಕ್ಕೆ ಬಿಡ್ತಾ ಬನ್ನಿ. ಎಂಜಿನ್ ಸದ್ದು ಕುಗ್ಗುತ್ತೆ, ಗಾಡಿಯ ಮೂತಿ ಚೂರು ಮೇಲೇಳುತ್ತೆ. ಆಗ ಹ್ಯಾಂಡ್ ಬ್ರೇಕ್ ಇಳಿಸಿ. ಗಾಡಿ ಹಿಂದಕ್ಕೆ ಹೋಗಲ್ಲ, ಮುಂದಕ್ಕೇ ಹೋಗುತ್ತೆ. ಭಾನುವಾರ ಬೆಳಗ್ಗೆ ಖಾಲಿ ಏರಲ್ಲಿ, ಡಿಎಲ್ ಇರೋರನ್ನ ಪಕ್ಕದಲ್ಲಿ ಕೂರಿಸ್ಕೊಂಡು ಇಪ್ಪತ್ತು ಸಲ ಮಾಡಿ. ಭಯ ತಾನಾಗಿ ಹೋಗುತ್ತೆ. ಹೊಸ ಕಾರುಗಳಲ್ಲಿ ಹಿಲ್ ಹೋಲ್ಡ್ ಇದೆ ಅಂತ ಬೀಗಬೇಡಿ. ಅದು ಹಿಡಿಯೋದು ಕೆಲವೇ ಸೆಕೆಂಡ್.

7/8

ಬೇಗ ಬೇಗ ನಾಲ್ಕು ಮಾತು.

ಆಟೋಮ್ಯಾಟಿಕ್ ಓಡಿಸೋರೇ, "ನಮಗೆ ಕ್ಲಚ್ಚೇ ಇಲ್ಲ" ಅಂತ ನಗಬೇಡಿ. ಡಿ ಮೋಡಲ್ಲಿ ಕಾಲು ಚೂರು ಸಡಿಲ ಆದ್ರೂ ಸಾಕು, ಸುಮಾರು ಗಾಡಿಗಳು ತಾನಾಗೇ ತೆವಳುತ್ತೆ. ಜಾಸ್ತಿ ಹೊತ್ತು ನಿಲ್ಲೋದಾದ್ರೆ ಹ್ಯಾಂಡ್ ಬ್ರೇಕ್, ನ್ಯೂಟ್ರಲ್.

ಸ್ಕೂಟರ್ ಗೆಳೆಯರೇ, ರೆಡ್‌ನಲ್ಲಿ ನಿಂತು ಸುಮ್ನೆ ಆಕ್ಸಿಲರೇಟರ್ ತಿರುವೋದು ಬಿಡಿ. ಬ್ರೇಕ್ ಹಿಡಿದು ನಿಲ್ಲಿ. ಮುಖ್ಯವಾಗಿ ಬಸ್ಸು, ಲಾರಿ ಮೂತಿಗೆ ಅಂಟಿಕೊಂಡು ನಿಲ್ಲಬೇಡಿ. ಅಷ್ಟು ಎತ್ತರದಲ್ಲಿ ಕೂತವರಿಗೆ ಕೆಳಗೆ ಮೂತಿ ಹತ್ರ ಇರೋರು ಕಾಣಲ್ಲ. ಗೊರಗುಂಟೆಪಾಳ್ಯದಂಥ ಕಡೆ, ಲಾರಿ ಸಾಲಿನ ಮುಂದೆ ನುಸುಳಿ ನಿಲ್ಲೋರನ್ನ ನೋಡಿದ್ರೆ ಎದೆ ಧಸಕ್ ಅನ್ನುತ್ತೆ.

ನೀರಿನ ಬಾಟಲಿ ಡ್ರೈವರ್ ಕಾಲ ಹತ್ರ ಉರುಳಾಡೋಕೆ ಬಿಡಬೇಡಿ. ಬ್ರೇಕ್ ಪೆಡಲ್ ಕೆಳಗೆ ಹೋಗಿ ಸಿಕ್ಕಿಕೊಂಡ್ರೆ ಬ್ರೇಕ್ ಒತ್ತೋಕೇ ಆಗಲ್ಲ.

ಮೊಬೈಲ್. ರೀಲ್ಸ್ ನೋಡ್ತಾ ಬ್ರೇಕ್ ಮೇಲಿರೋ ಕಾಲು ಸಡಿಲ ಆಗೋದು ನಿಮಗೇ ಗೊತ್ತಾಗಲ್ಲ. ಓಡಿಸೋವಾಗ ಫೋನ್ ಕೈಲಿ ಹಿಡಿದು ಬಳಸೋದನ್ನ 2019ರ ತಿದ್ದುಪಡಿ ಅಪಾಯಕಾರಿ ಚಾಲನೆಯ ಪಟ್ಟಿಗೇ ಸೇರಿಸಿದೆ. ಈ ಪೋಸ್ಟನ್ನೂ ಸಿಗ್ನಲ್‌ನಲ್ಲಿ ಓದಬೇಡಿ ಮಾರಾಯ್ರೇ, ಮನೆಗೆ ಹೋಗಿ ಓದಿ.

8/8

ಕೊನೇದು: ಹಾರ್ನ್.

ನಾವೆಲ್ಲ ಫಸ್ಟ್ ಗೇರಲ್ಲೇ ಕಾಯೋಕೆ ನಿಜವಾದ ಕಾರಣ ಕ್ಲಚ್ಚೂ ಅಲ್ಲ, ಗೇರೂ ಅಲ್ಲ. ಹಿಂದಿನವರ ಹಾರ್ನ್. ಗ್ರೀನ್ ಬಿದ್ದು ಒಂದು ಸೆಕೆಂಡ್ ಆಗಿರಲ್ಲ, ಊರೇ ಬಡ್ಕೊಳ್ಳುತ್ತೆ. ಎಲ್ ಬೋರ್ಡ್ ಕಂಡ್ರಂತೂ ಇನ್ನೊಂಚೂರು ಜೋರು. ಹುಡುಗಿ ಓಡಿಸ್ತಿದ್ರೆ ಅದಕ್ಕೆ ಎರಡು ಮಾತು ಫ್ರೀ. ಆ ಭಯಕ್ಕೆ ನಾವು ಬ್ರೇಕ್ ಬಿಟ್ಟು ತುದಿಗಾಲಲ್ಲಿ ನಿಂತಿರ್ತೀವಿ.

ಹ್ಯಾಂಡ್ ಬ್ರೇಕ್ ಇಳಿಸಿ ಗೇರ್ ಹಾಕೋಕೆ ಎರಡು ಸೆಕೆಂಡ್ ಬೇಕು, ಅಷ್ಟೇ. ಟೈಮರ್ ಇದ್ರೆ ಐದು ಅಂತ ತೋರಿಸೋವಾಗ್ಲೇ ಗೇರ್ ಹಾಕಿ ರೆಡಿ ಆಗಿ. ಟೈಮರ್ ಇಲ್ಲ ಅಂದ್ರೆ ಮುಂದಿನ ಸಾಲು ಅಲ್ಲಾಡೋದನ್ನ ನೋಡ್ತಿರಿ. ಗ್ರೀನ್ ಬಿದ್ರೂ ಒಂದ್ಸಲ ಎಡಕ್ಕೆ ಬಲಕ್ಕೆ ನೋಡಿ, ಯಾರಾದ್ರೂ ಇನ್ನೂ ದಾಟ್ತಿದ್ದಾರಾ ಅಂತ. ಆ ಎರಡು ಸೆಕೆಂಡ್‌ಗೆ ಹಾರ್ನ್ ಹೊಡೆದ್ರೆ ಹೊಡ್ಕೊಳ್ಳಲಿ. ಹಾರ್ನಿಂದ ಯಾರ ಕಾಲೂ ಮುರಿಯಲ್ಲ. ನಿಮ್ಮ ಗಾಡಿ ಹಾರಿದ್ರೆ ಮುರಿಯುತ್ತೆ.

ಮತ್ತೆ ಡ್ರೈವಿಂಗ್ ಸ್ಕೂಲಲ್ಲಿ ಬಾಯಿ ಬಿಟ್ಟು ಕೇಳಿ. ಫೀಸ್ ಕಟ್ಟಿದ್ದೀರಿ, ಭಿಕ್ಷೆ ಕೇಳ್ತಿಲ್ಲ. "ಸರ್, ಒಂದು ಕ್ಲಾಸ್ ಪೂರ್ತಿ ಬರೀ ನಿಲ್ಲಿಸೋದು, ಹೊರಡೋದು ಹೇಳ್ಕೊಡಿ. ಏರಿಗೆ ಕರ್ಕೊಂಡು ಹೋಗಿ. ನಾನು ತಪ್ಪಿದ್ರೆ ಮಾತ್ರ ನಿಮ್ಮ ಬ್ರೇಕ್ ಒತ್ತಿ." ಇಷ್ಟು ಕೇಳೋಕೆ ಸಂಕೋಚ ಬೇಡ. ಒಬ್ಬರು ಕೇಳಿದ್ರೆ ನಗ್ತಾರೆ, ಹತ್ತು ಜನ ಕೇಳಿದ್ರೆ ಕಲಿಸ್ತಾರೆ.

ಎಲ್‌ಎಲ್ ತಗೊಂಡಿರೋ ಒಬ್ಬ ಫ್ರೆಂಡ್‌ಗೆ ಇದನ್ನ ಕಳಿಸಿ. ನಿಮ್ಮ ಸ್ಕೂಲಲ್ಲಿ ಸಿಗ್ನಲ್‌ನಲ್ಲಿ ಹೇಗೆ ನಿಲ್ಲೋಕೆ ಹೇಳ್ಕೊಟ್ರು? ಹೆಸರು ಬೇಡ, ಹೇಳ್ಕೊಟ್ಟಿದ್ದನ್ನ ಮಾತ್ರ ಕಾಮೆಂಟ್ ಮಾಡಿ. ಎಲ್ಲಾ ಓದ್ತೀನಿ.

#ಎಲ್‌ಬೋರ್ಡ್ #ಕ್ಲಚ್‌ಬ್ರೇಕ್‌ಅಲ್ಲ #ನಿಲ್ಲೋದುಕಲೀರಿ #ಕನ್ನಡ