ಆಲೆಮನೆಯ ಪಾಪ ಐಸಿಯು ತಲೆಗೆ

ಮಂಡ್ಯ ಜಿಲ್ಲೆಯ ಮದ್ದೂರು, ಮಳವಳ್ಳಿಯಂಥ ತಾಲ್ಲೂಕು ಆಸ್ಪತ್ರೆಗಳಲ್ಲೂ ಗಂಭೀರ ರೋಗಿಯ ಮಂಚದ ಪಕ್ಕಕ್ಕೆ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಯಂತ್ರ ಬರಬೇಕು ಎಂದರೆ ಸಾಕು, ಆಕ್ಷೇಪಗಳು ಸಾಲುಗಟ್ಟುತ್ತವೆ. ತೀರ್ಪು ಓದುಗರಿಗೇ ಇರಲಿ.

'2023ರಲ್ಲಿ ಆಲೆಮನೆಯಲ್ಲಿ ಇಂಥದೇ ಯಂತ್ರದಿಂದ ನಡೆದದ್ದು ಮರೆತಿರಾ?' ಮರೆತಿಲ್ಲ. ಬೆಂಗಳೂರಿನ ಬೈಯಪ್ಪನಹಳ್ಳಿ ಪೊಲೀಸರು ಬಯಲಿಗೆಳೆದ ಭ್ರೂಣಲಿಂಗ ಪತ್ತೆ ಜಾಲ ಮಂಡ್ಯಕ್ಕೆ ಅಂಟಿಸಿದ ಕಳಂಕ ಇನ್ನೂ ಹೋಗಿಲ್ಲ. ಆದರೆ ಅದು ನಡೆದದ್ದು ಆಲೆಮನೆಯಲ್ಲಿ, ಐಸಿಯುವಿನಲ್ಲಲ್ಲ. ಹಾಗಂತ ಬೆಲ್ಲ ಮಾಡುವುದನ್ನು ನಿಲ್ಲಿಸಿ ಎಂದು ಈ ಮಹನೀಯರು ಕೇಳಲಿಲ್ಲವಲ್ಲ! ಅವರು ಮಾತೆತ್ತಿದರೆ ಹೆಸರು ಹೇಳುವ 1994ರ ಭ್ರೂಣಲಿಂಗ ಪತ್ತೆ ತಡೆ ಕಾಯ್ದೆಯ ನಿಯಮಗಳೇ, ನೋಂದಾಯಿತ ಆಸ್ಪತ್ರೆಯ ಆವರಣದೊಳಗೆ ಒಳರೋಗಿಗಳಿಗೆ ಪೋರ್ಟಬಲ್ ಯಂತ್ರ ಬಳಸಲು ಅವಕಾಶ ಕೊಟ್ಟಿವೆ. ಕಾಯ್ದೆಯ ಹೆಸರು ಬಾಯಿಪಾಠವಾಗಿದೆ, ಒಳಗಿನ ನಿಯಮ ಓದಿಲ್ಲ.

'ರೇಡಿಯಾಲಜಿಸ್ಟ್ ಅಲ್ಲದವರಿಗೆ ಅದೇನು ಅರ್ಥವಾದೀತು?' ಇದೇ ಜನ ಆಲೆಮನೆಯ ಮಾತೆತ್ತಿದಾಗ, ಅರೆಬರೆ ಕಲಿತವನ ಕೈಗೂ ಈ ಯಂತ್ರ ಸಲೀಸಾಗಿ ಒಗ್ಗುತ್ತದೆ ಎಂದು ಹೆದರಿದ್ದರು. ತರಬೇತಾದ ವೈದ್ಯನಿಗೆ ಮಾತ್ರ ಅದು ಬ್ರಹ್ಮವಿದ್ಯೆಯೇ? ಮಂಚದ ಪಕ್ಕದ ಪ್ರಶ್ನೆಗಳು ಚಿಕ್ಕವು: ಹೃದಯದ ಸುತ್ತ ನೀರಿದೆಯೇ? ಯಕೃತ್ತಿಗೂ ಮೂತ್ರಪಿಂಡಕ್ಕೂ ನಡುವೆ ರಕ್ತದ ಕಪ್ಪು ಪಟ್ಟಿ ಕಾಣುತ್ತಿದೆಯೇ? ಉಸಿರಿನ ಜೊತೆ ಶ್ವಾಸಕೋಶದ ಪೊರೆ ಜಾರುತ್ತಿದೆಯೇ? 2008ರಲ್ಲಿ ಫ್ರಾನ್ಸಿನ ಡೇನಿಯಲ್ ಲಿಚ್ಟೆನ್‌ಸ್ಟೈನ್ ಉಸಿರುಗಟ್ಟಿದ 260 ರೋಗಿಗಳಲ್ಲಿ ಶೇ 90.5ರಷ್ಟು ಮಂದಿಯ ಕಾಯಿಲೆಯನ್ನು ಹೀಗೆಯೇ ಗುರುತಿಸಬಹುದೆಂದು ತೋರಿಸಿದರು. ಅವರು ರೇಡಿಯಾಲಜಿಸ್ಟ್ ಅಲ್ಲ, ಐಸಿಯು ವೈದ್ಯ.

'ಸ್ಟೆತೊಸ್ಕೋಪು, ಎಕ್ಸ್‌ರೇ ಸಾಲದೇ?' ಮಲಗಿದವನ ಎಕ್ಸ್‌ರೇಯಲ್ಲಿ ಎದೆಯೊಳಗೆ ಸೇರಿದ ಗಾಳಿ ಎಷ್ಟೋ ಸಲ ಕಣ್ತಪ್ಪುತ್ತದೆ. ಡೆಂಗಿ ರೋಗಿಯ ಬಿಪಿ ಇಳಿಯಿತೆಂದು ಬಾಟಲಿಯ ಮೇಲೆ ಬಾಟಲಿ ಡ್ರಿಪ್ ಏರಿಸುವಾಗ ಜೆಲ್ ಹಚ್ಚಿ ಪಕ್ಕೆಲುಬಿನ ಸಂದಿಯಲ್ಲಿ ಪ್ರೋಬ್ ಇಟ್ಟು ನೋಡಿ. ಒಣಗಿದ್ದ ಶ್ವಾಸಕೋಶದಲ್ಲಿ ಮೇಲಿನಿಂದ ಕೆಳಕ್ಕೆ ಬಿಳಿ ಗೆರೆಗಳು ಹೊಸದಾಗಿ ಇಳಿಯತೊಡಗಿದರೆ, ಅಲ್ಲಿ ನೀರು ಸೇರುತ್ತಿದೆಯೆಂದು ಡ್ರಿಪ್ ತಡೆಯಬೇಕು. ಸ್ಟೆತೊಸ್ಕೋಪು ಗೊರಗೊರ ಎನ್ನುವ ಹೊತ್ತಿಗೆ ತಡವಾಗಿರುತ್ತದೆ.

'2018ರ ಅಧ್ಯಯನದಲ್ಲಿ ಇದರಿಂದ ಒಂದು ಜೀವವೂ ಹೆಚ್ಚಾಗಿ ಉಳಿಯಲಿಲ್ಲ.' ಇದು ತೂಕದ ಮಾತು. ಉತ್ತರ ಅಮೆರಿಕ, ದಕ್ಷಿಣ ಆಫ್ರಿಕದಲ್ಲಿ, ಬಿಪಿ ಕುಸಿದು ಕಾರಣ ತಿಳಿಯದೆ ಬಂದವರಲ್ಲಿ ನಡೆದ ಆ ಪ್ರಯೋಗದಲ್ಲಿ ಬದುಕುಳಿದವರ ಪ್ರಮಾಣ ಬದಲಾಗಲಿಲ್ಲ, ನಿಜ. ಆದರೆ ಯಂತ್ರ ಕಾಯಿಲೆ ತೋರಿಸುತ್ತದೆ, ವಾಸಿಮಾಡುವುದಿಲ್ಲ. ಅದೇ ತಕ್ಕಡಿಯಲ್ಲಿ ಕೊರಳಿನ ಸ್ಟೆತೊಸ್ಕೋಪನ್ನು ತೂಗಿದವರಾರು? ಯಂತ್ರದಲ್ಲಿ ಹೃದಯಕ್ಕೆ ರಕ್ತ ತರುವ ದೊಡ್ಡ ರಕ್ತನಾಳದ ಹಿಗ್ಗು ಕುಗ್ಗು ಒಂದನ್ನೇ ನೋಡಿ ಡ್ರಿಪ್ ನಿರ್ಧರಿಸಬಾರದು ಎಂಬುದನ್ನು ನಾವೂ ಒಪ್ಪುತ್ತೇವೆ. ಹಾಗೆ ಮಾಡಿ ಎಂದು ನಾವು ಹೇಳುತ್ತಲೂ ಇಲ್ಲ.

ಎಲ್ಲ ವಾದವೂ ಸೋತ ಮೇಲೆ ಬರುವುದು: 'ಮಂಡ್ಯದಲ್ಲಿ ಮಿಮ್ಸ್ ಆಸ್ಪತ್ರೆ ಇದೆಯಲ್ಲ, ಕಳಿಸಿದರಾಯಿತು.' ಕಳಿಸೋಣ. ಆದರೆ ಬೆಂಗಳೂರು–ಮೈಸೂರು ದಶಪಥದಲ್ಲಿ ಪಕ್ಕೆಲುಬು ಮುರಿದುಕೊಂಡು ಮದ್ದೂರಿಗೆ ಬಂದವನ ಎದೆಯಲ್ಲಿ ಗಾಳಿ ತುಂಬುತ್ತಿದ್ದರೆ, ಕೊಳವೆ ಹಾಕಬೇಕಾದದ್ದು ಆಂಬುಲೆನ್ಸ್ ಹೊರಡುವ ಮುಂಚೆ.